ರೆಮಿಡಿಯಲ್ ಇಂಗ್ಲಿಷ್ ಕ್ಲಾಸಿನ ಪಟ್ಟಿಯಲ್ಲಿ ಹೆಸರು ಬಂದಿದೆಯೇ? ಕೊಡಗಿನ ಡಿಗ್ರಿ ವಿದ್ಯಾರ್ಥಿಗಳಿಗೆ ಹಂತ ಹಂತದ ದಾರಿ

ಡಿಗ್ರಿಗೆ ಸೇರಿ ತಿಂಗಳು ತುಂಬುವುದರೊಳಗೆ ನೋಟಿಸ್ ಬೋರ್ಡಿನಲ್ಲಿ ಒಂದು ಪಟ್ಟಿ ಬೀಳುತ್ತದೆ. ಮೇಲೆ ‘ಇಂಗ್ಲಿಷ್ ರೆಮಿಡಿಯಲ್ ಕ್ಲಾಸ್’, ಕೆಳಗೆ ನಿಮ್ಮ ಹೆಸರು. ಮಡಿಕೇರಿಯವರಿರಲಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರ, ಸೋಮವಾರಪೇಟೆಯವರಿರಲಿ, ಆಮೇಲೆ ಕೇಳುವ ಪ್ರಶ್ನೆಗಳು ಪ್ರತಿ ವರ್ಷವೂ ಅವೇ. ಇದು ಕಡ್ಡಾಯವೇ? ಮಾರ್ಕ್ಸ್ ಕಾರ್ಡಿನಲ್ಲಿ ಬರುತ್ತದೆಯೇ? ಎಷ್ಟು ದಿನ ಹೋಗಬೇಕು? ಹೊರಗೆ ಬರುವುದು ಯಾವಾಗ?

ಮೊದಲು ನಾಲ್ಕು ಪದಗಳ ಅರ್ಥ ತಿಳಿದುಕೊಳ್ಳಿ. ರೆಮಿಡಿಯಲ್ ಎಂದರೆ ಹಿಂದಿನ ತರಗತಿಗಳಲ್ಲಿ ಉಳಿದುಹೋದದ್ದನ್ನು ತುಂಬಿಸುವ ಪೂರಕ ಪಾಠ. ಬ್ರಿಡ್ಜ್ ಕೋರ್ಸ್ ಎಂದರೆ ಪಿಯುಸಿಯಿಂದ ಡಿಗ್ರಿಗೆ ದಾಟಿಸಲು ಸೆಮಿಸ್ಟರಿನ ಮೊದಲಲ್ಲಿ ಕೆಲವು ದಿನ ಎಲ್ಲರಿಗೂ ನಡೆಸುವ ಪಾಠ. ಡಯಾಗ್ನಾಸ್ಟಿಕ್ ಟೆಸ್ಟ್ ಎಂದರೆ ಪಾಸು ಫೇಲು ಇಲ್ಲದೆ, ಎಲ್ಲಿ ಎಡವುತ್ತೀರಿ ಎಂದು ಕಂಡುಹಿಡಿಯಲು ಕೊಡುವ ಪರೀಕ್ಷೆ. ಐಎ ಎಂದರೆ ಕಾಲೇಜಿನ ಒಳಗೇ ಕೊಡುವ ಆಂತರಿಕ ಅಂಕ. ನಮ್ಮ ಕಡೆ ರೆಮಿಡಿಯಲ್ ಕ್ಲಾಸಿಗೆ ಸಾಮಾನ್ಯವಾಗಿ ಪ್ರತ್ಯೇಕ ಅಂಕ ಇರುವುದಿಲ್ಲ, ಮಾರ್ಕ್ಸ್ ಕಾರ್ಡಿನಲ್ಲೂ ಕಾಣುವುದಿಲ್ಲ. ಹಾಗಂತ ಬಿಟ್ಟುಬಿಟ್ಟರೆ ನಷ್ಟ ಯಾರಿಗೆ ಎಂಬುದು ಸೆಮಿಸ್ಟರಿನ ಇಂಗ್ಲಿಷ್ ಪೇಪರಿನಲ್ಲಿ ಗೊತ್ತಾಗುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಹನ್ನೊಂದನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ವಿದ್ಯಾರ್ಥಿಗಳ ರೆಮಿಡಿಯಲ್ ಕೋಚಿಂಗಿಗೆ ಅನುದಾನ ಕೊಡುತ್ತಿತ್ತು. ಆ ಹೆಸರು ಅಲ್ಲಿಂದಲೇ ಅಂಟಿಕೊಂಡು, ‘ಇದು ಇಂಥವರಿಗೆ ಮಾತ್ರ’ ಎಂಬ ಮಾತು ಇವತ್ತಿಗೂ ಓಡಾಡುತ್ತಿದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ತಂಡ ಬಂದಾಗ ನಿಧಾನವಾಗಿ ಕಲಿಯುವವರಿಗೆ ಏನು ಮಾಡಿದ್ದೀರಿ, ಚುರುಕಾಗಿ ಕಲಿಯುವವರಿಗೆ ಏನು ಮಾಡಿದ್ದೀರಿ ಎಂದು ಎಲ್ಲ ಕಾಲೇಜುಗಳನ್ನೂ ಕೇಳುತ್ತದೆ. ಹಾಗಾಗಿ ಇದು ಯಾವುದೋ ಒಂದು ವರ್ಗಕ್ಕೆ ಸೀಮಿತವಲ್ಲ, ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಬರವಣಿಗೆ ಕಷ್ಟವೆನಿಸಿದರೆ ನೀವಾಗಿಯೇ ಹೋಗಿ ಸೇರಿಕೊಳ್ಳಬಹುದು. ಬೇಡ ಎನ್ನುವ ಮೇಷ್ಟ್ರು ಅಪರೂಪ.

ದಾರಿಯಲ್ಲಿ ಜನ ಕಳೆದುಹೋಗುವುದು ಎಲ್ಲಿ?

ಹಂತಗಳಿಗೆ ಹೋಗುವ ಮುಂಚೆ ಈ ಒಂದು ವಿಷಯ ಮನಸ್ಸಿನಲ್ಲಿ ಕೂರಬೇಕು. ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ, ಅಂದರೆ ಎರಡು ವರ್ಷದ ಸಾರ್ವಜನಿಕ ಕಾಲೇಜುಗಳಲ್ಲಿ, ಬರವಣಿಗೆಯ ರೆಮಿಡಿಯಲ್ ಕೋರ್ಸುಗಳು ಒಂದರ ಮೇಲೊಂದು ಮೆಟ್ಟಿಲಿನಂತೆ ಬಹುಕಾಲ ನಡೆದವು. ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2010ರ ಹೊತ್ತಿಗೆ ಓದು ಮತ್ತು ಗಣಿತದ ಇಂಥ ಮೆಟ್ಟಿಲುಗಳ ಲೆಕ್ಕ ತೆಗೆದರು. ಪಟ್ಟಿಯಲ್ಲಿದ್ದವರಲ್ಲಿ ಅರ್ಧಕ್ಕಿಂತ ಕಡಿಮೆ ಜನ ಪೂರ್ತಿ ಮೆಟ್ಟಿಲು ಹತ್ತಿದ್ದರು. ಬಿಟ್ಟುಹೋದವರಲ್ಲಿ ಕ್ಲಾಸಿಗೆ ಬಂದು ಫೇಲಾದವರಿಗಿಂತ ಮೊದಲ ಕ್ಲಾಸಿಗೇ ಸೇರದವರು, ಒಂದು ಮೆಟ್ಟಿಲು ಪಾಸಾಗಿಯೂ ಮುಂದಿನದಕ್ಕೆ ಹೆಸರು ಹಚ್ಚದವರು ಹೆಚ್ಚು.

ಇದನ್ನು ನೀವೇ ಕಾಗದದ ಮೇಲೆ ಮಾಡಿ ನೋಡಬಹುದು. ಮೂರು ಕ್ಲಾಸು, ನಡುವೆ ಎರಡು ಸಂದು, ಒಟ್ಟು ಐದು ಬಾಗಿಲು ಎಂದಿಟ್ಟುಕೊಳ್ಳಿ. ಪ್ರತಿ ಬಾಗಿಲಲ್ಲೂ ನೂರಕ್ಕೆ 80 ಜನ ದಾಟುತ್ತಾರೆ ಎಂದರೆ ಕೇಳಲು ಚೆನ್ನಾಗಿಯೇ ಇದೆ. ಆದರೆ 100 ಜನ ಹೊರಟರೆ 80, 64, 51, 41, ಕೊನೆಗೆ ಉಳಿಯುವುದು 33. ಈ ಕಾರಣಕ್ಕೇ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ಕೌಂಟಿಯ ಕಮ್ಯುನಿಟಿ ಕಾಲೇಜಿನಲ್ಲಿ ಪೀಟರ್ ಆಡಮ್ಸ್ ಮತ್ತು ಜೊತೆಯವರು 2007ರಲ್ಲಿ ಬೇರೆ ದಾರಿ ಹಿಡಿದರು. ವಿದ್ಯಾರ್ಥಿಯನ್ನು ನೇರ ಮುಖ್ಯ ತರಗತಿಗೇ ಸೇರಿಸಿ, ಅದೇ ಸೆಮಿಸ್ಟರಿನಲ್ಲಿ, ಅದೇ ಮೇಷ್ಟ್ರ ಕೈಯಲ್ಲಿ, ಸಣ್ಣ ಗುಂಪಿಗೆ ಪೂರಕ ಪಾಠ ಕೊಡಿಸಿದರು. ಇಂಥ ಜೋಡಿ ಪಾಠಕ್ಕೆ ಕೋರಿಕ್ವಿಸಿಟ್ ಎನ್ನುತ್ತಾರೆ. ಕ್ಯಾಲಿಫೋರ್ನಿಯಾ 2017ರಲ್ಲಿ ಕಾನೂನನ್ನೇ ತಂದು, ಒಂದು ಟೆಸ್ಟಿನ ಅಂಕ ನೋಡಿ ವಿದ್ಯಾರ್ಥಿಗಳನ್ನು ರೆಮಿಡಿಯಲ್ಲಿಗೆ ತಳ್ಳುವುದಕ್ಕೆ ಕಡಿವಾಣ ಹಾಕಿತು.

ನಮ್ಮ ಕಾಲೇಜುಗಳಲ್ಲಿ ಇದು ಮೊದಲಿಂದಲೂ ಜೋಡಿ ಪಾಠವೇ. ರೆಗ್ಯುಲರ್ ಇಂಗ್ಲಿಷ್ ಕ್ಲಾಸೂ ಇರುತ್ತದೆ, ರೆಮಿಡಿಯಲ್ಲೂ ಇರುತ್ತದೆ. ಇದು ನಿಮಗಿರುವ ಅನುಕೂಲ. ಆದರೆ ಸಂದಿನಲ್ಲಿ ಕಳಚಿಕೊಳ್ಳುವ ಅಪಾಯ ಇಲ್ಲೂ ಇದೆ, ಅದರ ರೂಪ ಮಾತ್ರ ಬೇರೆ: ಮಳೆ ರಜೆ, ಕೊನೆಯ ಬಸ್ಸು, ಕಾಫಿ ಕುಯ್ಲು, ಸೆಮಿಸ್ಟರ್ ರಜೆ.

ಹಂತ 1: ಮೊದಲ ವಾರದಲ್ಲೇ ವಿಚಾರಿಸಿಕೊಳ್ಳಿ

ಇಂಗ್ಲಿಷ್ ವಿಭಾಗಕ್ಕೆ ಹೋಗಿ ಕೇಳಬೇಕಾದದ್ದು ಇಷ್ಟು. ಇದು ಕಡ್ಡಾಯವೇ? ವಾರಕ್ಕೆ ಎಷ್ಟು ಗಂಟೆ, ಯಾವ ಹೊತ್ತಿಗೆ? ಇಲ್ಲಿನ ಹಾಜರಿಯನ್ನು ಮುಖ್ಯ ಹಾಜರಿಗೆ ಸೇರಿಸುತ್ತಾರೆಯೇ? ಇಲ್ಲಿ ಬರೆದ ಅಸೈನ್‌ಮೆಂಟನ್ನು ಐಎಗೆ ಪರಿಗಣಿಸುತ್ತಾರೆಯೇ? ಯಾವ ಮಟ್ಟ ತಲುಪಿದರೆ ‘ಸಾಕು, ನೀನು ದಾಟಿದೆ’ ಎನ್ನುತ್ತಾರೆ? ಕೊನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಕೆಳಗೆ ಹಂತ 4ರಲ್ಲಿ ಕೊಟ್ಟಿರುವ ಅಳತೆಯನ್ನೇ ಇಟ್ಟುಕೊಳ್ಳಿ.

ಇಲ್ಲಿ ಆಗುವ ಎಡವಟ್ಟು ಸಮಯದ್ದು. ರೆಮಿಡಿಯಲ್ ಕ್ಲಾಸನ್ನು ಸಂಜೆ ನಾಲ್ಕರ ಮೇಲೆ ಇಡುವುದು ವಾಡಿಕೆ. ಭಾಗಮಂಡಲ, ಕರಿಕೆ, ಕುಟ್ಟ, ಶ್ರೀಮಂಗಲ ಕಡೆಯಿಂದ ಬರುವವರಿಗೆ ಆಗ ಬಸ್ಸಿನ ಚಿಂತೆ. ಎರಡು ದಿನ ಅರ್ಧಕ್ಕೆ ಎದ್ದು ಹೋಗುತ್ತೀರಿ, ಮೂರನೇ ದಿನ ಹೋಗುವುದೇ ಇಲ್ಲ. ಸುಮ್ಮನೆ ಬಿಡಬೇಡಿ. ನಿಮ್ಮಂಥವರು ಎಷ್ಟು ಜನ, ಯಾವ ಊರು, ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಒಂದು ಹಾಳೆಯಲ್ಲಿ ಬರೆದು, ಎಲ್ಲರೂ ಸಹಿ ಹಾಕಿ, ಬೆಳಗಿನ ಮೊದಲ ಪೀರಿಯಡ್ಡಿಗಿಂತ ಮುಂಚೆಯೋ ಊಟದ ಬಿಡುವಿನಲ್ಲೋ ಇಡುವಂತೆ ಕೇಳಿ. ಬಸ್ಸಿನ ಸಮಯ ಬರೆದ ಪಟ್ಟಿ ಕೈಗೆ ಸಿಕ್ಕಿದರೆ ಟೈಮ್ ಟೇಬಲ್ ಹಾಕುವವರಿಗೂ ಕೆಲಸ ಸುಲಭ.

ಹಂತ 2: ನಿಮ್ಮ ತಪ್ಪುಗಳನ್ನು ಎಣಿಸಿ

ಕಾಲೇಜು ಡಯಾಗ್ನಾಸ್ಟಿಕ್ ಟೆಸ್ಟ್ ಕೊಟ್ಟರೆ ಒಳ್ಳೆಯದು. ಕೊಡದಿದ್ದರೆ ನೀವೇ ಮಾಡಿಕೊಳ್ಳಿ. 30 ನಿಮಿಷ, ಫೋನ್ ದೂರ, ನಿಮ್ಮ ಊರಿನ ಮಳೆಗಾಲದ ಬಗ್ಗೆ ಸುಮಾರು 200 ಪದ ಇಂಗ್ಲಿಷಿನಲ್ಲಿ, ಕೈಬರಹದಲ್ಲಿ. ಒಂದು ಗೆರೆ ಬಿಟ್ಟು ಒಂದು ಗೆರೆಯಲ್ಲಿ ಬರೆಯಿರಿ. ಮೇಷ್ಟ್ರ ಹತ್ತಿರವೋ ಇಂಗ್ಲಿಷ್ ಚೆನ್ನಾಗಿ ಬರುವ ಸೀನಿಯರ್ ಹತ್ತಿರವೋ ತಪ್ಪುಗಳಿಗೆ ಅಡಿಗೆರೆ ಮಾತ್ರ ಎಳೆಸಿಕೊಳ್ಳಿ, ತಿದ್ದಿಸಬೇಡಿ.

ಆಮೇಲೆ ತಪ್ಪುಗಳನ್ನು ನಾಲ್ಕು ಗುಂಪು ಮಾಡಿ: ವಾಕ್ಯ ಎಲ್ಲಿ ಮುಗಿಯಬೇಕೋ ಅಲ್ಲಿ ಮುಗಿಯದ್ದು, ಕ್ರಿಯಾಪದದ ತಪ್ಪು, ‘ಎ’ ‘ದ’ ಮತ್ತು ‘ಇನ್’ ‘ಆನ್’ ‘ಅಟ್’ ತಪ್ಪು, ಸ್ಪೆಲ್ಲಿಂಗ್. ಸ್ಪೆಲ್ಲಿಂಗ್ ಬಿಟ್ಟು ಉಳಿದ ಮೂರು ಸೇರಿ 100 ಪದಕ್ಕೆ 10ಕ್ಕಿಂತ ಹೆಚ್ಚಿದ್ದರೆ ಹಂತ 3ರಿಂದ ಶುರು ಮಾಡಿ. 4ರಿಂದ 10 ಇದ್ದರೆ ಹಂತ 3 ಮತ್ತು 4 ಜೊತೆಯಲ್ಲೇ ನಡೆಯಲಿ. 4ಕ್ಕಿಂತ ಕಡಿಮೆಯಿದ್ದರೆ ನೇರ ಹಂತ 4. ಇದು ಕೈಲೆಕ್ಕ, ಕಾನೂನಲ್ಲ. ಜ್ವರ ಬಂದ ದಿನ ಬರೆದದ್ದಾದರೆ ವಾರ ಬಿಟ್ಟು ಇನ್ನೊಮ್ಮೆ ಬರೆಯಿರಿ.

ಎಣಿಸುವುದಕ್ಕೆ ನಾಚಿಕೆ ಬೇಡ. ನ್ಯೂಯಾರ್ಕಿನ ಸಿಟಿ ವಿಶ್ವವಿದ್ಯಾಲಯ 1970ರಲ್ಲಿ ಹೈಸ್ಕೂಲ್ ಮುಗಿಸಿದ ಎಲ್ಲರಿಗೂ ಬಾಗಿಲು ತೆರೆದಾಗ ಮೀನಾ ಶಾನೆಸಿ ಎಂಬ ಅಧ್ಯಾಪಕಿ ಸುಮಾರು 4,000 ವಿದ್ಯಾರ್ಥಿಗಳ ಪ್ರವೇಶ ಪ್ರಬಂಧಗಳನ್ನು ಕೂತು ಓದಿದರು. ತಪ್ಪುಗಳು ಬೇಕಾಬಿಟ್ಟಿಯಾಗಿ ಬೀಳುವುದಿಲ್ಲ, ಪ್ರತಿಯೊಬ್ಬರ ತಪ್ಪಿಗೂ ಒಂದು ಜಾಡು, ಒಂದು ಕಾರಣ ಇರುತ್ತದೆ ಎಂದು ಅವರು ತೋರಿಸಿಕೊಟ್ಟರು. ನಿಮ್ಮ 30 ತಪ್ಪುಗಳ ಹಿಂದೆಯೂ ನಾಲ್ಕೋ ಐದೋ ಕಾರಣಗಳಷ್ಟೇ ಸಿಗುತ್ತವೆ. ಕಾರಣ ಸಿಕ್ಕಿದರೆ ತಪ್ಪುಗಳು ಗೊಂಚಲು ಗೊಂಚಲಾಗಿ ಉದುರುತ್ತವೆ.

ಹಂತ 3: ವಾಕ್ಯ, ನಾಲ್ಕು ವಾರ

ಕನ್ನಡ, ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ಮನೆಯಲ್ಲಿ ಯಾವುದೇ ಮಾತಾಡಿ, ಇವೆಲ್ಲ ಕ್ರಿಯಾಪದವನ್ನು ಕೊನೆಗೆ ಇಡುವ ಭಾಷೆಗಳು. ಇಂಗ್ಲಿಷ್ ನಡುವೆ ಇಡುತ್ತದೆ. ತಪ್ಪುಗಳ ಬೇರು ಬಹುಪಾಲು ಇಲ್ಲೇ ಇದೆ. ಹೆಚ್ಚು ಕಾಣುವ ನಾಲ್ಕನ್ನು ಹತ್ತಿರದಿಂದ ನೋಡೋಣ.

ಯಾರು ಎಂಬುದು ಬಿಟ್ಟುಹೋಗುವುದು. ‘ಜೋರು ಮಳೆ, ರಜೆ ಕೊಟ್ಟರು’ ಎನ್ನುತ್ತೇವೆ. ‘ಕೊಟ್ಟರು’ ಎಂಬುದರ ಬಾಲದಲ್ಲೇ ‘ಅವರು’ ಕೂತಿದೆ. ಇಂಗ್ಲಿಷಿನ ‘ಗೇವ್’ ಪದಕ್ಕೆ ಅಂಥ ಬಾಲ ಇಲ್ಲ. ಹಾಗಾಗಿ ‘ಹೆವಿ ರೇನ್ ಸೋ ಗೇವ್ ಹಾಲಿಡೇ’ ಎಂದು ಬರೆದರೆ ಕೊಟ್ಟವರು ಯಾರೂ ಇಲ್ಲ. ‘ಇಟ್ ರೇನ್ಡ್ ಹೆವಿಲಿ, ಸೋ ದ ಕಾಲೇಜ್ ಗೇವ್ ಅಸ್ ಎ ಹಾಲಿಡೇ’ ಎಂದಾಗಬೇಕು. ಪರೀಕ್ಷಿಸುವುದು ಸುಲಭ: ಪ್ರತಿ ಕ್ರಿಯಾಪದದ ಕೆಳಗೆ ಗೆರೆ ಎಳೆದು, ‘ಯಾರು?’ ‘ಯಾವುದು?’ ಎಂದು ಕೇಳಿ. ಉತ್ತರ ಅದೇ ವಾಕ್ಯದಲ್ಲಿ ಸಿಗಬೇಕು.

ಸರಪಳಿ. ‘ತೋಟಕ್ಕೆ ಹೋಗಿ, ಕಾಫಿ ಕುಯ್ದು, ಚೀಲ ತುಂಬಿ, ಕಣಕ್ಕೆ ತಂದು ಸುರಿದೆವು.’ ಕನ್ನಡದಲ್ಲಿ ಇದು ಸೊಗಸಾದ ಒಂದೇ ವಾಕ್ಯ. ಹೋಗಿ, ಕುಯ್ದು, ತುಂಬಿ, ತಂದು ಎಂಬವು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸಾಗುತ್ತವೆ. ಇದೇ ಲಯದಲ್ಲಿ ‘ವಿ ವೆಂಟ್ ಟು ದ ಎಸ್ಟೇಟ್, ವಿ ಪಿಕ್ಡ್ ಕಾಫಿ, ವಿ ಫಿಲ್ಡ್ ದ ಬ್ಯಾಗ್ಸ್, ವಿ ಬ್ರಾಟ್’ ಎಂದು ಅಲ್ಪವಿರಾಮದ ಮೇಲೆ ಅಲ್ಪವಿರಾಮ ಇಟ್ಟರೆ ಅದು ರನ್-ಆನ್, ಅಂದರೆ ನಿಲ್ಲಬೇಕಾದಲ್ಲಿ ನಿಲ್ಲದೆ ಓಡುವ ವಾಕ್ಯ. ಎರಡೆರಡು ಕೆಲಸಕ್ಕೆ ಒಂದು ವಾಕ್ಯ ಮಾಡಿ: ‘ವಿ ವೆಂಟ್ ಟು ದ ಎಸ್ಟೇಟ್ ಅಂಡ್ ಪಿಕ್ಡ್ ಕಾಫಿ. ದೆನ್ ವಿ ಫಿಲ್ಡ್ ದ ಬ್ಯಾಗ್ಸ್ ಅಂಡ್ ಬ್ರಾಟ್ ದೆಮ್ ಟು ದ ಡ್ರೈಯಿಂಗ್ ಯಾರ್ಡ್.’ ನಾಲ್ಕು ವಾರದಲ್ಲಿ ಇದೊಂದನ್ನು ಕಲಿತರೂ ಉತ್ತರಪತ್ರಿಕೆಯ ಮುಖವೇ ಬದಲಾಗುತ್ತದೆ.

‘ಅಂತ’. ‘ನಾಳೆ ಬರ್ತೀನಿ ಅಂತ ಸರ್ ಹೇಳಿದ್ರು’ ಎಂಬುದನ್ನು ‘ಸರ್ ಟೋಲ್ಡ್ ದಟ್ ಐ ವಿಲ್ ಕಮ್ ಟುಮಾರೋ’ ಎಂದು ಬರೆಯುತ್ತಾರೆ. ಈಗ ಬರುವವರು ಸರ್ ಅಲ್ಲ, ನೀವು! ನಮ್ಮ ‘ಅಂತ’ ಆಡಿದ ಮಾತನ್ನು ಹಾಗೆಯೇ ಹೊತ್ತು ತರುತ್ತದೆ. ‘ದಟ್’ ಬಂದ ಮೇಲೆ ಇಂಗ್ಲಿಷಿನಲ್ಲಿ ವ್ಯಕ್ತಿ, ಕಾಲ ಎರಡೂ ಬದಲಾಗಬೇಕು: ‘ಸರ್ ಸೆಡ್ ದಟ್ ಹಿ ವುಡ್ ಕಮ್ ದ ನೆಕ್ಸ್ಟ್ ಡೇ.’

ಕೊನೆಯ ‘ಎಸ್’. ‘ಶಿ ಗೋ’ ಎಂದು ಬರೆಯುವವರಿಗೆ ಕನ್ನಡದ ‘ಹೋಗುತ್ತಾನೆ’, ‘ಹೋಗುತ್ತಾಳೆ’ ನೆನಪಿಸಿಕೊಂಡರೆ ಸಾಕು, ಕರ್ತೃ ಬದಲಾದರೆ ಕ್ರಿಯಾಪದ ಬದಲಾಗುವುದು ನಮಗೇನೂ ಹೊಸತಲ್ಲ. ಮಲಯಾಳಂ ಕ್ರಿಯಾಪದ ಹಾಗೆ ಬದಲಾಗುವುದಿಲ್ಲ. ಮನೆಮಾತು ಅದಾದರೆ ಈ ‘ಎಸ್’ ಮೇಲೆ ಒಂದು ಕಣ್ಣು ಹೆಚ್ಚೇ ಇಡಿ.

‘ಎ’, ‘ದ’ ವಿಷಯ ನಮ್ಮ ಯಾವ ಭಾಷೆಯಲ್ಲೂ ಇಲ್ಲ, ಪೂರ್ತಿ ಹಿಡಿತಕ್ಕೆ ವರ್ಷಗಳು ಬೇಕು. ಸದ್ಯಕ್ಕೆ ಒಂದೇ ಸೂತ್ರ: ಮೊದಲ ಸಲ ಹೇಳುವ ಒಂಟಿ ವಸ್ತುವಿಗೆ ‘ಎ’, ಅದನ್ನೇ ಎರಡನೇ ಸಲ ಹೇಳುವಾಗ ‘ದ’.

ಅಭ್ಯಾಸಕ್ಕೆ 200 ಪುಟದ ಒಂದು ಲಾಂಗ್ ನೋಟ್‌ಬುಕ್ ಬೇಕು. ಹಿಂದಿನ 20 ಪುಟಗಳಲ್ಲಿ ನಾಲ್ಕು ಕಾಲಂ ಎಳೆಯಿರಿ: ದಿನಾಂಕ, ನಾನು ಬರೆದದ್ದು, ಸರಿಯಾದದ್ದು, ಯಾಕೆ. ಇದೇ ತಪ್ಪಿನ ಪುಸ್ತಕ. ‘ಯಾಕೆ’ ಕಾಲಂ ಕನ್ನಡದಲ್ಲೇ ಇರಲಿ, ಖಾಲಿ ಮಾತ್ರ ಬಿಡಬೇಡಿ. ಸರಿಯಾದದ್ದನ್ನು ಹತ್ತು ಸಲ ಬರೆದು ಯಾಕೆ ಎಂದು ತಿಳಿಯದಿದ್ದರೆ ಅದೇ ತಪ್ಪು ಬೇರೆ ವಾಕ್ಯದಲ್ಲಿ ಮತ್ತೆ ಬರುತ್ತದೆ. ದಿನಕ್ಕೆ 8 ವಾಕ್ಯ ಸಾಕು. ವಿಷಯ ಹುಡುಕುತ್ತಾ ಕೂರಬೇಡಿ: ‘ಶಕ್ತಿ’ ಪತ್ರಿಕೆಯ ಒಂದು ಸುದ್ದಿ ಓದಿ, ಪತ್ರಿಕೆ ಮುಚ್ಚಿಟ್ಟು, ಅದನ್ನು ಇಂಗ್ಲಿಷಿನಲ್ಲಿ ಹೇಳಿ. ಪತ್ರಿಕೆ ತೆರೆದಿಟ್ಟುಕೊಂಡರೆ ಪದಕ್ಕೆ ಪದ ಭಾಷಾಂತರವಾಗಿ ಮತ್ತೆ ಸರಪಳಿ ಶುರುವಾಗುತ್ತದೆ.

ಹಂತ 4: ಪ್ಯಾರಾಗ್ರಾಫ್, ಐದಾರು ವಾರ

ಒಂದು ಪ್ಯಾರಾ ಎಂದರೆ 120ರಿಂದ 150 ಪದ, ಒಂದೇ ವಿಷಯ. ಮೊದಲ ವಾಕ್ಯ ಟಾಪಿಕ್ ಸೆಂಟೆನ್ಸ್, ಅಂದರೆ ಇಡೀ ಪ್ಯಾರಾ ಏನು ಹೇಳಲಿದೆ ಎಂದು ಸಾರುವ ವಾಕ್ಯ. ಆಮೇಲೆ ಕಾರಣ, ಉದಾಹರಣೆ, ಪರಿಣಾಮ.

ನಮ್ಮ ಜಿಲ್ಲೆಯ ವಿದ್ಯಾರ್ಥಿಗಳಿಗೆ ಇಲ್ಲೊಂದು ವಿಶೇಷ ಎಚ್ಚರಿಕೆ. ಪ್ರವಾಸೋದ್ಯಮದ ಬಗ್ಗೆ ಬರೆಯಿರಿ ಎಂದರೆ ಹತ್ತರಲ್ಲಿ ಎಂಟು ಉತ್ತರ ‘ಕೂರ್ಗ್ ಈಸ್ ದ ಸ್ಕಾಟ್ಲೆಂಡ್ ಆಫ್ ಇಂಡಿಯಾ’ ಎಂದೇ ಶುರುವಾಗುತ್ತದೆ. ಆ ವಾಕ್ಯದಲ್ಲಿ ವ್ಯಾಕರಣ ತಪ್ಪಿಲ್ಲ. ಆದರೆ ಅದರಿಂದ ಮುಂದೆ ಹೋಗಲು ದಾರಿಯೇ ಇಲ್ಲ, ಎರಡನೇ ವಾಕ್ಯ ‘ಇಟ್ ಈಸ್ ವೆರಿ ಬ್ಯೂಟಿಫುಲ್’ ಎಂದಾಗಿ ಪ್ಯಾರಾ ಅಲ್ಲೇ ನಿಲ್ಲುತ್ತದೆ. ಬದಲಿಗೆ ‘ವೀಕೆಂಡ್ ಟ್ರಾಫಿಕ್ ಮೇಕ್ಸ್ ಲೈಫ್ ಡಿಫಿಕಲ್ಟ್ ಇನ್ ಮಡಿಕೇರಿ ಟೌನ್’ ಎಂದು ಶುರು ಮಾಡಿ ನೋಡಿ. ಓದುವವರು ‘ಹೇಗೆ?’ ಎಂದು ಕೇಳುತ್ತಾರೆ. ರಾಜಾಸೀಟ್ ರಸ್ತೆಯಲ್ಲಿ ಕಾರುಗಳ ಸಾಲು, ಬಸ್ ತಡ, ಆಸ್ಪತ್ರೆಗೆ ಹೋಗುವವರ ಪರದಾಟ, ನೀವು ಕಣ್ಣಾರೆ ಕಂಡದ್ದೇ ಉತ್ತರ. ಒಳ್ಳೆಯ ಟಾಪಿಕ್ ಸೆಂಟೆನ್ಸಿನ ಗುರುತು ಅದು: ಓದಿದ ಕೂಡಲೇ ‘ಹೇಗೆ’ ಅಥವಾ ‘ಯಾಕೆ’ ಎಂಬ ಪ್ರಶ್ನೆ ಏಳಬೇಕು.

ಯೋಚಿಸುವುದು, ಬಿಂದು ಹಾಕಿಕೊಳ್ಳುವುದು ಕನ್ನಡದಲ್ಲೋ ಕೊಡವ ತಕ್ಕಿನಲ್ಲೋ ಆಗಲಿ, ಅಡ್ಡಿಯಿಲ್ಲ. ಪೂರ್ತಿ ವಾಕ್ಯಗಳನ್ನು ಅಲ್ಲಿ ಬರೆದು ಆಮೇಲೆ ಭಾಷಾಂತರಿಸುವುದು ಮಾತ್ರ ಬೇಡ.

ಪ್ರತಿ ಪ್ಯಾರಾ ಎರಡು ಸಲ ಬರೆಯಿರಿ, ನಡುವೆ ಒಂದು ದಿನ ಬಿಡಿ. ಬರೆದ ದಿನವೇ ತಿದ್ದಲು ಕೂತರೆ ಕಣ್ಣಿಗೆ ಕಾಣುವುದು ನೀವು ಹೇಳಬೇಕೆಂದಿದ್ದದ್ದು, ಹಾಳೆಯ ಮೇಲಿರುವುದಲ್ಲ. ಮೇಷ್ಟ್ರಿಗೆ ತೋರಿಸುವಾಗ ಎರಡೂ ಪ್ರತಿ ಕೊಡಿ.

ದಾಟಿದ ಅಳತೆ ಹೀಗಿದೆ. ಮುಂಚಿತವಾಗಿ ಗೊತ್ತಿಲ್ಲದ ವಿಷಯದ ಮೇಲೆ, 25 ನಿಮಿಷದಲ್ಲಿ, 150 ಪದದ ಒಂದು ಪ್ಯಾರಾ, ಮೊದಲ ಮೂರು ಗುಂಪಿನ ತಪ್ಪು 100 ಪದಕ್ಕೆ 4ರ ಒಳಗೆ. ಮೂರು ಸಲ ಬೇರೆ ಬೇರೆ ದಿನ ಇದು ಸಾಧ್ಯವಾದರೆ ಮುಂದಕ್ಕೆ ಹೋಗಿ. ಒಂದೇ ಸಲಕ್ಕೆ ನಂಬಬೇಡಿ, ವಿಷಯ ಸುಲಭವಿದ್ದಿರಬಹುದು.

ಫೋನಿನ ಬಗ್ಗೆ ಖಡಾಖಂಡಿತವಾಗಿ ಒಂದು ಮಾತು. ಎಐ ಆಪ್‌ಗೆ ‘ಬರೆದುಕೊಡು’ ಎಂದರೆ ಕ್ಷಣದಲ್ಲಿ ಬರೆದುಕೊಡುತ್ತದೆ, ನಿಮ್ಮ ಕೈ ಇದ್ದಲ್ಲೇ ಇರುತ್ತದೆ, ಪರೀಕ್ಷಾ ಕೊಠಡಿಗೆ ಹೋಗುವುದು ಆ ಕೈ. ನೀವು ಬರೆದ ವಾಕ್ಯ ಕೊಟ್ಟು ‘ಇದರಲ್ಲಿ ತಪ್ಪು ಏನು, ಯಾಕೆ, ಕನ್ನಡದಲ್ಲಿ ಹೇಳು’ ಎಂದು ಕೇಳುವುದು ಬೇರೆ. ಅದನ್ನು ಧಾರಾಳವಾಗಿ ಮಾಡಿ, ಉತ್ತರವನ್ನು ತಪ್ಪಿನ ಪುಸ್ತಕದಲ್ಲಿ ಬರೆದುಕೊಳ್ಳಿ, ಅನುಮಾನ ಬಂದರೆ ಮೇಷ್ಟ್ರನ್ನು ಕೇಳಿ. ಗೈಡ್ ಬಾಯಿಪಾಠ ಮಾಡುವವರಿಗೂ ಇದೇ ಮಾತು: ಪ್ರಶ್ನೆಯ ಒಂದು ಪದ ಬದಲಾದರೆ ಬಾಯಿಪಾಠದ ಉತ್ತರ ಕೈಕೊಡುತ್ತದೆ.

ಹಂತ 5: ದೊಡ್ಡ ಉತ್ತರ ಮತ್ತು ಪರೀಕ್ಷೆ

ಮೂರು ಪ್ಯಾರಾ ಜೋಡಿಸಿದರೆ 10 ಅಂಕದ ಉತ್ತರ. ಹೊಸದಾಗಿ ಕಲಿಯಬೇಕಾದದ್ದು ಎರಡೇ: ಪ್ರಶ್ನೆಯಲ್ಲಿನ ಆಜ್ಞೆಯ ಪದ ಮತ್ತು ಸಮಯ. ‘ಡಿಸ್ಕ್ರೈಬ್’ ಎಂದರೆ ಹೇಗಿದೆ ಎಂದು ಹೇಳಿ, ‘ಎಕ್ಸ್‌ಪ್ಲೇನ್’ ಎಂದರೆ ಯಾಕೆ ಹೇಗೆ ಎಂದು ಬಿಡಿಸಿ, ‘ಕಂಪೇರ್’ ಎಂದರೆ ಎರಡನ್ನು ಅಕ್ಕಪಕ್ಕ ಇಡಿ, ‘ಡಿಸ್ಕಸ್’ ಎಂದರೆ ಪರ ವಿರೋಧ ಎರಡೂ ಹೇಳಿ. ಕಥೆಯ ಸಾರಾಂಶ ಬರೆದು ಅಂಕ ಕಳೆದುಕೊಳ್ಳುವವರು ಬಹುಪಾಲು ಈ ಪದ ಓದದೇ ಇದ್ದವರು.

ಸಮಯದ ಲೆಕ್ಕ: 80 ಅಂಕಕ್ಕೆ 3 ಗಂಟೆಯಾದರೆ, ಪ್ರಶ್ನೆ ಓದಲು 5, ಕೊನೆಗೆ ತಿದ್ದಲು 10 ನಿಮಿಷ ಕಳೆದು ಉಳಿಯುವುದು 165. ಅಂಕಕ್ಕೆ ಎರಡು ನಿಮಿಷ, 10 ಅಂಕಕ್ಕೆ 20. 60 ಅಂಕಕ್ಕೆ 2 ಗಂಟೆಯಾದರೆ 10 ಅಂಕಕ್ಕೆ 17 ನಿಮಿಷ. ಕೊನೆಯ 10 ನಿಮಿಷದಲ್ಲಿ ಎಲ್ಲವನ್ನೂ ಹುಡುಕಬೇಡಿ. ತಪ್ಪಿನ ಪುಸ್ತಕದಲ್ಲಿ ಅತಿ ಹೆಚ್ಚು ಬಂದಿರುವ ಎರಡನ್ನು ಮಾತ್ರ ಹುಡುಕಿ, ಕೊನೆಯ ವಾಕ್ಯದಿಂದ ಮೇಲಕ್ಕೆ ಓದುತ್ತಾ ಹೋಗಿ. ಕೆಳಗಿನಿಂದ ಓದಿದರೆ ಅರ್ಥದ ಓಟಕ್ಕೆ ಸಿಕ್ಕದೆ ಒಂದೊಂದು ವಾಕ್ಯವೂ ಬಿಡಿಯಾಗಿ ಕಾಣುತ್ತದೆ.

ಹಳೆಯ ಪ್ರಶ್ನೆಪತ್ರಿಕೆ ಹುಡುಕುವಾಗ ಜಾಗ್ರತೆ. ಕೊಡಗು ವಿಶ್ವವಿದ್ಯಾಲಯ ಶುರುವಾದದ್ದು 2023ರಲ್ಲಿ, ಅದಕ್ಕೂ ಹಿಂದಿನವು ಮಂಗಳೂರು ವಿಶ್ವವಿದ್ಯಾಲಯದವು. ಜೊತೆಗೆ 2021-22ರಲ್ಲಿ ಬಂದ ರಾಷ್ಟ್ರೀಯ ಶಿಕ್ಷಣ ನೀತಿಯ, ಅಂದರೆ ಎನ್‌ಇಪಿ ಪಠ್ಯಕ್ರಮವನ್ನು ರಾಜ್ಯ ಸರ್ಕಾರ 2024-25ರಿಂದ ಕೈಬಿಟ್ಟಿತು. ಸೀನಿಯರ್ ಕೊಟ್ಟ ಪತ್ರಿಕೆ ನಿಮ್ಮ ಸ್ಕೀಮಿನದೇ ಎಂದು ಮೇಲಿನ ಸಾಲು ಓದಿ ಖಾತ್ರಿ ಮಾಡಿಕೊಳ್ಳಿ.

ಹಂತ 6: ಸಂದು ದಾಟುವುದು

ಎಲ್ಲಕ್ಕಿಂತ ಹೆಚ್ಚು ಜನ ಜಾರುವುದು ಇಲ್ಲಿ. ಜೂನ್‌ನಿಂದ ಆಗಸ್ಟ್ ತನಕ ಮಳೆ, ರಜೆ, ಕರೆಂಟಿಲ್ಲದ ಸಂಜೆಗಳು. ಆಮೇಲೆ ಕೈಲ್‌ಪೊಳ್ದ್, ತುಲಾ ಸಂಕ್ರಮಣ, ಪುತ್ತರಿ. ಅದರ ಬೆನ್ನಿಗೇ ಅರೇಬಿಕಾ ಕುಯ್ಲು, ನಂತರ ರೊಬಸ್ಟಾ. ಮನೆಯಲ್ಲಿ ತೋಟವಿದ್ದರೂ, ತೋಟದಲ್ಲಿ ಮನೆಯವರು ಕೂಲಿಗಿದ್ದರೂ ಆ ದಿನಗಳಲ್ಲಿ ಕೈಗೆ ಬಿಡುವಿರುವುದಿಲ್ಲ. ಇದನ್ನು ತಪ್ಪಿಸಲಾಗದು, ಮೊದಲೇ ಲೆಕ್ಕಕ್ಕೆ ಹಿಡಿಯಬಹುದು.

ಮಳೆ ರಜೆ ಬಂದರೆ ಆ ವಾರದ ಕೆಲಸವನ್ನು ಕಾಗದದ ಮೇಲೆ ಮುಗಿಸಿ, ನೆಟ್‌ವರ್ಕ್ ಬರುವುದನ್ನು ಕಾಯಬೇಡಿ. ಎರಡು ವಾರದ ಪ್ರಶ್ನೆಗಳನ್ನು ಮೇಷ್ಟ್ರಿಂದ ಮುಂಚೆಯೇ ಪಡೆದಿಟ್ಟುಕೊಳ್ಳಿ. ಕುಯ್ಲಿನ ಕಾಲದಲ್ಲಿ ದಿನಕ್ಕೆ 8 ವಾಕ್ಯ ಆಗದಿದ್ದರೆ ವಾರಕ್ಕೆ ಎರಡು ದಿನ, ಐದೈದು ವಾಕ್ಯ ಬರೆಯಿರಿ. ಪೂರ್ತಿ ನಿಲ್ಲಿಸಬೇಡಿ, ಆರು ವಾರ ಪೆನ್ನು ಮುಟ್ಟದವರು ಹಂತ 3ರ ತಪ್ಪುಗಳಿಗೇ ಮರಳುತ್ತಾರೆ. ಮುಖ್ಯ ತರಗತಿಯ ಹಾಜರಿ 75 ಶೇಕಡಾಕ್ಕಿಂತ ಕೆಳಗೆ ಹೋದರೆ ಪರೀಕ್ಷೆಗೇ ಕೂರಿಸದೆ ಇರಬಹುದು, ಹಾಗಾಗಿ ರಜೆಗಳನ್ನು ತಿಂಗಳ ಕೊನೆಗೆ ಎಣಿಸುತ್ತಿರಿ.

ಮೊದಲ ಸೆಮಿಸ್ಟರಿನ ಇಂಗ್ಲಿಷ್ ಪಾಸಾದ ಕೂಡಲೇ ‘ಇನ್ನು ರೆಮಿಡಿಯಲ್ ಯಾಕೆ’ ಎನಿಸುತ್ತದೆ. ಹಂತ 4ರ ಅಳತೆ ಮುಟ್ಟಿದ್ದರೆ ಬಿಡಿ, ಸಂತೋಷ. ಮುಟ್ಟದಿದ್ದರೆ ಎರಡನೇ ಸೆಮಿಸ್ಟರಿನ ಮೊದಲ ವಾರದಲ್ಲೇ, ಪಟ್ಟಿ ಬೀಳುವುದನ್ನು ಕಾಯದೆ, ಹೋಗಿ ಹೆಸರು ಬರೆಸಿ. ಬ್ಯಾಕ್‌ಲಾಗ್ ಉಳಿದವರೂ, ಅಂದರೆ ಆ ಪೇಪರನ್ನು ಮತ್ತೆ ಬರೆಯಬೇಕಾದವರೂ, ಪರೀಕ್ಷೆಯ ಹಿಂದಿನ ತಿಂಗಳಿಗೆ ಬಿಡದೆ ಆಗಲೇ ಸೇರಿಕೊಳ್ಳಿ. ಹೋಗುವಾಗ ಕೈಯಲ್ಲಿ ಮೂರು ಇರಲಿ: ಮೊದಲ ದಿನ ಬರೆದ 200 ಪದದ ಹಾಳೆ, ಇತ್ತೀಚಿನ ಒಂದು ಪ್ಯಾರಾದ ಎರಡೂ ಪ್ರತಿ, ತಪ್ಪಿನ ಪುಸ್ತಕ. ಮೇಷ್ಟ್ರು ಬದಲಾಗಿದ್ದರೂ, ಹೊಸ ಗೆಸ್ಟ್ ಲೆಕ್ಚರರ್ ಬಂದಿದ್ದರೂ, ಈ ಮೂರನ್ನು ಮುಂದಿಟ್ಟರೆ ಅವರು ನಿಮ್ಮನ್ನು ನಾಮಪದ, ಸರ್ವನಾಮದಿಂದ ಮತ್ತೆ ಶುರು ಮಾಡಿಸದೆ, ನಿಂತಲ್ಲಿಂದ ಮುಂದಕ್ಕೆ ಕರೆದೊಯ್ಯಬಹುದು.